ಕೋಡ್ ಬಾರದವರ ಕಂಪ್ಯೂಟರಿನಲ್ಲಿ ಎಐ ಏಜೆಂಟ್: ಜಕ್ಕಲಿ ಸೀಮೆಯ ಪತ್ರಗಳಿಗೆ ಉತ್ತರ

ಕಂಪ್ಯೂಟರಿಗೆ ಒಂದು ಆ್ಯಪ್ ಹಾಕಿಕೊಂಡು, ಬಾಯಿಮಾತಿನಲ್ಲಿ ಹೇಳುವಂತೆ ಕೆಲಸ ಹೇಳಿ, ಆ ಕೆಲಸವನ್ನು ಅದರ ಕೈಯಲ್ಲೇ ಮಾಡಿಸಿಕೊಳ್ಳುವುದು ಈಗ ಪ್ರೋಗ್ರಾಮಿಂಗ್ ಕಲಿಯದವರಿಗೂ ಸಾಧ್ಯವಾಗಿದೆ. ರೋಣ ತಾಲ್ಲೂಕಿನ ಜಕ್ಕಲಿಯಿಂದ, ಹತ್ತಿರದ ನರೇಗಲ್, ರೋಣ, ಗಜೇಂದ್ರಗಡಗಳಿಂದ ಈ ಬಗ್ಗೆ ಬಂದ ಪತ್ರಗಳಿಗೆ ಈ ಸಲದ ಪುಟ. ಕೆಲವರು ಹೆಸರು ಹಾಕಬೇಡಿ ಎಂದು ಕೇಳಿದ್ದರಿಂದ ಎಲ್ಲರ ಹೆಸರನ್ನೂ ಬಿಟ್ಟಿದ್ದೇವೆ.

ಪ್ರಶ್ನೆ: ಮೇಡಂ ಅವರಿಗೆ ನಮಸ್ಕಾರ. ನಮ್ಮೂರ ಮಹಿಳಾ ಸ್ವಸಹಾಯ ಸಂಘದ ಲೆಕ್ಕ ನಾನು ಬರಿತೀನ್ರಿ. ಪಿಯುಸಿ ಓದೀನಿ, ಎಕ್ಸೆಲ್ ಸ್ವಲ್ಪ ಬರ್ತೈತಿ. ಬೆಂಗಳೂರಾಗಿರೋ ನನ್ನ ತಮ್ಮ, ‘ಅಕ್ಕಾ, ನಿನ್ನ ಲ್ಯಾಪ್‌ಟಾಪಿಗೆ ಎಐ ಏಜೆಂಟ್ ಹಾಕಿಕೊಡ್ತೀನಿ, ಪುಸ್ತಕದ ಕೆಲಸ ಎಲ್ಲಾ ಅದ ಮಾಡ್ತೈತಿ’ ಅಂತಾನ. ಮೊಬೈಲ್‌ನಾಗ ಪ್ರಶ್ನೆ ಕೇಳಿದ್ರ ಉತ್ತರ ಕೊಡೋ ಎಐಗೂ ಇದಕ್ಕೂ ಏನ್ ಫರಕು? ಕೋಡಿಂಗ್ ಗೊತ್ತಿಲ್ಲದ ನಮ್ಮಂಥವರು ಮಂದಿ ರೊಕ್ಕದ ಲೆಕ್ಕಕ್ಕ ಇದನ್ನ ನಂಬಬಹುದೇನ್ರಿ?
— ಲೆಕ್ಕ ಬರೆಯುವವರು, ಜಕ್ಕಲಿ

ಉತ್ತರ: ಅಕ್ಕಾರ, ಮೊಬೈಲಿನ ಎಐ ಉತ್ತರ ಹೇಳಿ ಸುಮ್ಮನಾಗುತ್ತದೆ. ಬಡ್ಡಿ ಹೇಗೆ ಹಾಕುವುದೆಂದು ಕೇಳಿದರೆ ವಿಧಾನ ತಿಳಿಸುತ್ತದೆ, ಹಾಕುವವರು ನೀವೇ. ಏಜೆಂಟ್ ನೀವು ತೋರಿಸಿದ ಫೋಲ್ಡರನ್ನು ತಾನೇ ತೆರೆಯುತ್ತದೆ. ಒಳಗಿರುವ ಪಾಸ್‌ಬುಕ್ಕಿನ ಫೋಟೊ, ಎಕ್ಸೆಲ್ ಹಾಳೆ ಓದಿಕೊಳ್ಳುತ್ತದೆ. ಮೊದಲು ಏನು, ಆಮೇಲೆ ಏನು ಎಂದು ಕೆಲಸವನ್ನು ತುಂಡು ಮಾಡಿಕೊಂಡು ಒಂದೊಂದನ್ನೇ ಮುಗಿಸುತ್ತ, ಮಾಡಿದ್ದು ಸರಿಬಂತೇ ಎಂದು ನೋಡುತ್ತ, ಬಾರದಿದ್ದರೆ ಬೇರೆ ದಾರಿ ಹಿಡಿಯುತ್ತ ಹೋಗಿ, ಕೊನೆಗೆ ಹೊಸ ಹಾಳೆಯನ್ನು ಅದೇ ಫೋಲ್ಡರಿನಲ್ಲಿ ಇಡುತ್ತದೆ. ಈ ನಡುವೆ ಅದಕ್ಕೆ ಬೇಕಾದ ಪುಟ್ಟ ಪ್ರೋಗ್ರಾಮುಗಳನ್ನೂ ಅದೇ ಬರೆದುಕೊಳ್ಳುತ್ತದೆ. ನಿಮಗೆ ಅದು ಕಾಣುವುದೂ ಇಲ್ಲ, ಕಾಣಬೇಕಾಗಿಯೂ ಇಲ್ಲ.

ಇಂಥವು ಮೊದಲು ಬಂದದ್ದು ಪ್ರೋಗ್ರಾಮರುಗಳಿಗೆ. ಆಂಥ್ರೊಪಿಕ್ ಕಂಪನಿ 2025ರ ಫೆಬ್ರುವರಿಯಲ್ಲಿ ಹೊರತಂದ ಕ್ಲಾಡ್ ಕೋಡ್ ಎಂಬುದು ಕಪ್ಪು ಪರದೆಯ ಮೇಲೆ ಆಜ್ಞೆ ಟೈಪ್ ಮಾಡಬಲ್ಲವರ ಸಾಧನವಾಗಿತ್ತು. ಜನ ಅದರಿಂದ ಬಿಲ್ಲು ಜೋಡಿಸುವ, ಫೈಲು ವಿಂಗಡಿಸುವ ಕೆಲಸವನ್ನೂ ಮಾಡಿಸತೊಡಗಿದರು. ಅದನ್ನು ಕಂಡ ಕಂಪನಿ 2026ರ ಜನವರಿಯಲ್ಲಿ ಅದೇ ಶಕ್ತಿಯನ್ನು ತನ್ನ ಡೆಸ್ಕ್‌ಟಾಪ್ ಆ್ಯಪಿನೊಳಗೆ ಕೋವರ್ಕ್ ಎಂಬ ಹೆಸರಿನಲ್ಲಿ ಕೊಟ್ಟಿತು. ಬ್ಲಾಕ್ ಎಂಬ ಕಂಪನಿ 2025ರ ಜನವರಿಯಲ್ಲಿ ಬಿಡುಗಡೆ ಮಾಡಿದ ಗೂಸ್ ಮುಕ್ತ ತಂತ್ರಾಂಶ. ಅದಕ್ಕೂ ಡೆಸ್ಕ್‌ಟಾಪ್ ಆ್ಯಪ್ ಇದೆ. ನಿಮ್ಮ ತಮ್ಮ ಹೇಳುತ್ತಿರುವುದು ಇಂಥದ್ದೇ ಯಾವುದೋ ಒಂದನ್ನು.

ನಂಬಿಕೆಯ ಮಾತಿಗೆ ಬರುತ್ತೇನೆ. ಏಜೆಂಟನ್ನು ನಿಮ್ಮ ಸಂಘಕ್ಕೆ ನಿನ್ನೆ ಸೇರಿದ ಗುಮಾಸ್ತ ಎಂದುಕೊಳ್ಳಿ. ಕೈ ಬಹಳ ಚುರುಕು. ಆದರೆ ಊರು ಗೊತ್ತಿಲ್ಲ, ನಿಮ್ಮ ಸಂಘದ ರೂಢಿ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಕೇಳದೆ ಮುಂದೆ ಹೋಗುವ ಚಾಳಿಯೂ ಇದೆ. ಹಾಗಾಗಿ ನಿಮಗೆ ಉತ್ತರ ಗೊತ್ತಿರುವ ಲೆಕ್ಕವನ್ನೇ ಮೊದಲು ಕೊಡಿ. ಕೈಯಾರೆ ತಾಳೆ ಹಾಕಿ ಮುಗಿಸಿದ ಹಳೆಯ ತಿಂಗಳೊಂದರ ಪುಟಗಳ ಫೋಟೊ ತೆಗೆದು, ಬೇರೆ ಫೋಲ್ಡರಿನಲ್ಲಿಟ್ಟು, ಅದಕ್ಕೆ ಅಷ್ಟನ್ನೇ ತೋರಿಸಿ. ಅದರ ಉತ್ತರ ನಿಮ್ಮ ಉತ್ತರಕ್ಕೆ ಕೂಡಿ ಬರುತ್ತದೆಯೇ ನೋಡಿ.

ಎಲ್ಲಿ ತಪ್ಪುತ್ತದೆ ಎಂದು ಮೊದಲೇ ಹೇಳಬಲ್ಲೆ. ಸಂಘದಲ್ಲಿ ನಾವು ನೂರಕ್ಕೆ ಎರಡು ರೂಪಾಯಿ ಬಡ್ಡಿ ಎಂದರೆ ಅದು ತಿಂಗಳಿಗೆ. ಪುಸ್ತಕದಲ್ಲಿ ಬರೀ ‘ಶೇ 2’ ಎಂದಿದ್ದರೆ ಏಜೆಂಟ್ ಅದನ್ನು ವರ್ಷದ ಬಡ್ಡಿ ಎಂದು ಹಿಡಿಯುವ ಸಂಭವ ಹೆಚ್ಚು. ಹತ್ತು ಸಾವಿರ ಸಾಲಕ್ಕೆ ತಿಂಗಳಿಗೆ 200 ರೂಪಾಯಿ ಬರಬೇಕಾದಲ್ಲಿ ವರ್ಷಕ್ಕೆ 200 ಎಂದು ಬರೆದುಬಿಡುತ್ತದೆ. ಬಡ್ಡಿ ಮೊದಲಿನ ಪೂರ್ತಿ ಸಾಲದ ಮೇಲೋ, ಉಳಿದ ಅಸಲಿನ ಮೇಲೋ ಎಂಬುದನ್ನೂ ಬಿಡಿಸಿ ಹೇಳಬೇಕು. ಕೈಬರಹದ 1 ಮತ್ತು 7 ಫೋಟೊದಲ್ಲಿ ಒಂದಕ್ಕೊಂದು ಅದಲುಬದಲಾಗುತ್ತವೆ. ಇದನ್ನೆಲ್ಲ ಹಿಡಿಯಲು ನಿಮಗೆ ಕೋಡಿಂಗ್ ಬೇಡ. ಹಿಂದಿನ ಶಿಲ್ಕಿಗೆ ಜಮಾ ಕೂಡಿಸಿ ಖರ್ಚು ಕಳೆದರೆ ಪೆಟ್ಟಿಗೆಯಲ್ಲಿರುವ ರೊಕ್ಕ ಬರಬೇಕು ಎಂಬ ನಿಮ್ಮ ಹಳೆಯ ತಾಳೆಯೇ ಇಲ್ಲಿ ಕೆಲಸ ಮಾಡುತ್ತದೆ. ಎರಡು ಮೂರು ತಿಂಗಳು ಹೀಗೆ ಕೂಡಿ ಬಂದ ಮೇಲೆ ಹೊಸ ತಿಂಗಳ ಲೆಕ್ಕ ಕೊಡಿ. ಕೈಬರಹದ ಪುಸ್ತಕವನ್ನು ಮಾತ್ರ ನಿಲ್ಲಿಸಬೇಡಿ. ಸಭೆಯಲ್ಲಿ ಹೆಣ್ಣುಮಕ್ಕಳು ತಮ್ಮ ಸಹಿ, ಹೆಬ್ಬೆಟ್ಟು ನೋಡಿ ನಂಬುವುದು ಆ ಪುಸ್ತಕವನ್ನು.

ಪ್ರಶ್ನೆ: ನಮ್ಮದು ರೈತರ ಗುಂಪು. ಸದಸ್ಯರ ಹೆಸರು, ಸರ್ವೆ ನಂಬರ್, ವಿಸ್ತೀರ್ಣ, ಎಫ್‌ಐಡಿ (ರೈತರ ಗುರುತಿನ ಸಂಖ್ಯೆ), ಬ್ಯಾಂಕ್ ಖಾತೆ ಎಲ್ಲ ಚೆಲ್ಲಾಪಿಲ್ಲಿಯಾಗಿದೆ. ಕೆಲವು ಎಕ್ಸೆಲ್‌ನಲ್ಲಿವೆ, ಕೆಲವು ನೋಟ್‌ಬುಕ್ಕಿನಲ್ಲಿ, ಉಳಿದವು ವಾಟ್ಸ್‌ಆ್ಯಪ್ ಫೋಟೊ. ಹೆಸರುಕಾಳು ಖರೀದಿ ಕೇಂದ್ರ ತೆರೆಯುವಷ್ಟರಲ್ಲಿ ಎಲ್ಲ ಒಂದೇ ಪಟ್ಟಿಯಾಗಬೇಕು. ಏಜೆಂಟಿಗೆ ಕೊಟ್ಟರೆ ಆದೀತೇ?
— ರೈತರೊಬ್ಬರು, ಜಕ್ಕಲಿ

ಉತ್ತರ: ಆಗುತ್ತದೆ, ಅಣ್ಣಾರ. ನನ್ನ ಕೇಳಿದರೆ ಹಳ್ಳಿಯ ಮಟ್ಟದಲ್ಲಿ ಈ ಸಾಧನಕ್ಕೆ ಇದಕ್ಕಿಂತ ಒಳ್ಳೆಯ ಕೆಲಸ ಇನ್ನೊಂದಿಲ್ಲ. ಬೇರೆ ಬೇರೆ ರೂಪದಲ್ಲಿರುವ ಮಾಹಿತಿಯನ್ನು ಒಂದೇ ಹಾಳೆಗೆ ತರುವುದು, ಯಾರದ್ದು ಬಿಟ್ಟುಹೋಗಿದೆ ಎಂದು ತೋರಿಸುವುದು ಅದಕ್ಕೆ ಚೆನ್ನಾಗಿ ಬರುತ್ತದೆ. 2025-26ರ ಹಂಗಾಮಿಗೆ ಹೆಸರುಕಾಳಿನ ಬೆಂಬಲ ಬೆಲೆ ಕ್ವಿಂಟಲಿಗೆ 8,768 ರೂಪಾಯಿ ಇತ್ತು. ಖಾತೆ ನಂಬರಿನಲ್ಲಿ ಒಂದು ಅಂಕಿ ತಪ್ಪಿದರೆ ರೈತನ ರೊಕ್ಕ ಎಷ್ಟು ದಿನ ಸಿಕ್ಕಿಕೊಳ್ಳುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಆದ್ದರಿಂದ ಈ ಪತ್ರಕ್ಕೆ ತುಸು ಉದ್ದವಾಗಿಯೇ ಬರೆಯುತ್ತೇನೆ.

ಮೊದಲನೆಯ ಹಳ್ಳ ಎಕರೆ-ಗುಂಟೆ. ಉತಾರದಲ್ಲಿ (ಪಹಣಿಯಲ್ಲಿ) 2-38 ಎಂದರೆ ಎರಡು ಎಕರೆ ಮೂವತ್ತೆಂಟು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ ಎಂಬುದು ನಮಗೆ ಉಸಿರಾಡಿದಷ್ಟು ಸಹಜ. ಅದನ್ನು ಯಾರೋ 2.38 ಎಂದು ಚುಕ್ಕಿ ಇಟ್ಟು ಬರೆದಿದ್ದರೆ ಏಜೆಂಟ್ ದಶಮಾಂಶ ಎಂದೇ ಓದುತ್ತದೆ. 2-38ಕ್ಕೆ 1-15 ಕೂಡಿಸಿದರೆ ನಮ್ಮ ಲೆಕ್ಕದಲ್ಲಿ 4 ಎಕರೆ 13 ಗುಂಟೆ; ಅದು 3.53 ಎಂದು ಬರೆಯುತ್ತದೆ. ಮುಕ್ಕಾಲು ಎಕರೆಗೂ ಹೆಚ್ಚು ಹೊಲ ಮಾಯ. ಎಕರೆಗೆ ಒಂದು ಕಾಲಂ, ಗುಂಟೆಗೆ ಇನ್ನೊಂದು ಕಾಲಂ ಎಂದು ಮೊದಲ ಸಾಲಿನಲ್ಲೇ ಹೇಳಿ. 39ಕ್ಕಿಂತ ದೊಡ್ಡ ಗುಂಟೆ ಎಲ್ಲಿ ಕಂಡರೂ ನಿಲ್ಲಿಸಿ ನನ್ನನ್ನು ಕೇಳು ಎಂದೂ ಸೇರಿಸಿ. ಮನೆಮಂದಿ ಕೂರಿಗೆ ಲೆಕ್ಕದಲ್ಲಿ ಹೇಳಿದ ವಿಸ್ತೀರ್ಣವನ್ನು ಪಟ್ಟಿಗೆ ಸೇರಿಸಲೇಬೇಡಿ, ಉತಾರ ನೋಡಿಯೇ ತುಂಬಿ.

ಎರಡನೆಯದು ಎಕ್ಸೆಲ್‌ನದೇ ಕಾಟ. 12/3 ಎಂಬ ಸರ್ವೆ ನಂಬರನ್ನು ಅದು ಮಾರ್ಚ್ 12 ಎಂಬ ತಾರೀಖು ಮಾಡುತ್ತದೆ. 2-20 ಎಂಬ ವಿಸ್ತೀರ್ಣಕ್ಕೂ ಅದೇ ಗತಿ. ಹದಿನೈದು ಅಂಕಿಗಿಂತ ಉದ್ದದ ಖಾತೆ ನಂಬರಿನ ಕೊನೆಯ ಅಂಕಿಗಳನ್ನು ಸೊನ್ನೆ ಮಾಡುತ್ತದೆ, ಮೊದಲಿಗೆ ಸೊನ್ನೆಯಿದ್ದರೆ ನುಂಗುತ್ತದೆ. ಸರ್ವೆ ನಂಬರ್, ಖಾತೆ, ಎಫ್‌ಐಡಿ, ಮೊಬೈಲ್ ಈ ನಾಲ್ಕೂ ಅಕ್ಷರರೂಪದಲ್ಲೇ ಇರಲಿ, ಅಂಕಿಯಾಗಿ ಬದಲಿಸಬೇಡ ಎಂದು ಹೇಳಿದರೆ ಏಜೆಂಟ್ ಪಾಲಿಸುತ್ತದೆ. ಹೇಳದಿದ್ದರೆ ಅದಕ್ಕೆ ಹೊಳೆಯುತ್ತದೆಂಬ ಭರವಸೆ ಇಲ್ಲ. ಹಳೆಯ ಎಕ್ಸೆಲ್ ಹಾಳೆಯಲ್ಲಿ ಈಗಾಗಲೇ ಸೊನ್ನೆಯಾಗಿ ಹೋದ ಅಂಕಿಗಳನ್ನು ಯಾವ ಎಐ ಕೂಡ ಮರಳಿ ತರಲಾರದು. ಅವಕ್ಕೆ ಪಾಸ್‌ಬುಕ್ಕೇ ಗತಿ. ನಮ್ಮ ಕಡೆಯ ಬಹಳ ಖಾತೆಗಳಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿದೆಯಲ್ಲ, ಹಳೆಯ ಪಟ್ಟಿಯ ಐಎಫ್‌ಎಸ್‌ಸಿ ಸಂಖ್ಯೆ ಈಗಲೂ ನಡೆಯುತ್ತದೆಯೇ ಎಂದು ಶಾಖೆಯಲ್ಲೇ ವಿಚಾರಿಸಿ. ಏಜೆಂಟನ್ನು ಕೇಳಬೇಡಿ.

ಮೂರನೆಯದು ಹೆಸರುಗಳು. ಒಬ್ಬನದೇ ಎರಡು ಸಲ ಬಂದಿದ್ದರೆ ತೆಗೆದುಹಾಕು ಎಂದು ಎಂದೂ ಹೇಳಬೇಡಿ. ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ಸೀಮೆ ನಮ್ಮದು. ಒಂದೇ ಅಡ್ಡಹೆಸರು, ಒಂದೇ ಹೆಸರು, ಒಂದೇ ಸರ್ವೆ ನಂಬರಿನ ಎರಡು ಹಿಸ್ಸೆ ಇದ್ದರೆ ಅವರಿಬ್ಬರೂ ಬೇರೆಯವರು ಎಂದು ನಿಮಗೆ ಗೊತ್ತು, ಅದಕ್ಕೆ ಗೊತ್ತಾಗದು. ಬಸಪ್ಪ, ಬಸವರಾಜ ಎಂದು ಎರಡು ಕಡೆ ಬರೆಸಿಕೊಂಡವನು ಒಬ್ಬನೇ ಇರಬಹುದು. ಅದೂ ನಿಮಗೇ ಗೊತ್ತು. ಅನುಮಾನ ಬಂದ ಜೋಡಿಗಳನ್ನು ಬೇರೆ ಹಾಳೆಯಲ್ಲಿ ಪಟ್ಟಿ ಮಾಡು, ಏನನ್ನೂ ಅಳಿಸಬೇಡ ಎನ್ನಿ. ಆ ಹಾಳೆಯನ್ನು ಕಟ್ಟೆಯ ಮೇಲೆ ಕುಳಿತು ನಾಲ್ಕು ಜನ ಓದಿದರೆ ಅರ್ಧ ತಾಸಿನಲ್ಲಿ ಬಗೆಹರಿಯುತ್ತದೆ.

ನಿಮ್ಮೂರ ಸಹಕಾರ ಸಂಘದ ಕಂಪ್ಯೂಟರಿನಲ್ಲೂ ಇದನ್ನು ಹಾಕಬಹುದೇ ಎಂದು ಪತ್ರದ ಹಿಂಬದಿಯಲ್ಲಿ ಕೇಳಿದ್ದೀರಿ. ಅಲ್ಲಿ ಬೇಡ. ಇದೇ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದಾಗಿನಿಂದ ಸಂಘದ ಬಂಡವಾಳವೆಂದರೆ ಸದಸ್ಯರ ವಿಶ್ವಾಸ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆಂದು ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಆ ಲೆಕ್ಕಕ್ಕೆ ಅದರದೇ ತಂತ್ರಾಂಶ, ಅದರದೇ ಲಾಗಿನ್ ಇವೆ. ಆ ಕಂಪ್ಯೂಟರಿನೊಳಕ್ಕೆ ಏಜೆಂಟ್ ಬಿಡುವ ಅಧಿಕಾರ ಕಾರ್ಯದರ್ಶಿಗೂ ಇಲ್ಲ, ನಮಗೂ ಇಲ್ಲ. ನಿಮ್ಮ ಗುಂಪಿನ ಪಟ್ಟಿಯ ನಕಲನ್ನು ನಿಮ್ಮ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡು ಕೆಲಸ ಮಾಡಿ.

ಪ್ರಶ್ನೆ: ನಾನು ಡಿಟಿಪಿ ಅಂಗಡಿ ಇಟ್ಟಿದ್ದೇನೆ. ಮದುವೆ ಲಗ್ನಪತ್ರಿಕೆ, ಜಾತ್ರೆ ಹ್ಯಾಂಡ್‌ಬಿಲ್, ಪುರಾಣ ಪ್ರವಚನದ ಆಮಂತ್ರಣ ಹೀಗೆ ವರ್ಷಗಟ್ಟಲೆ ಮಾಡಿದ ಸಾವಿರಾರು ಫೈಲ್ ಇವೆ, ಎಲ್ಲ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು. ಏಜೆಂಟಿಗೆ ಫೋಲ್ಡರ್ ತೋರಿಸಿ ಊರವಾರು ವಿಂಗಡಿಸು ಎಂದರೆ ‘ಈ ಫೈಲುಗಳಲ್ಲಿ ಅರ್ಥವಿಲ್ಲದ ಅಕ್ಷರಗಳಿವೆ’ ಎನ್ನುತ್ತದೆ. ಕನ್ನಡ ಬರುವುದಿಲ್ಲವೇ ಅದಕ್ಕೆ?
— ಅಂಗಡಿಯವರು, ನರೇಗಲ್

ಉತ್ತರ: ಕನ್ನಡ ಬರುತ್ತದೆ. ನಿಮ್ಮ ಫೈಲಿನೊಳಗೆ ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡ ಇಲ್ಲ, ತೊಡಕು ಅಲ್ಲಿದೆ. ಇದು ನಮ್ಮ ನಾಡಿನ ಡಿಟಿಪಿ ಅಂಗಡಿ, ಮುದ್ರಣಾಲಯ, ಕಚೇರಿಗಳನ್ನೆಲ್ಲ ಕಾಡುವ ಸಂಗತಿ. ಏಜೆಂಟ್ ಮಾಡಿದವರಾರೂ ಇದನ್ನು ಮನಸ್ಸಿನಲ್ಲಿಟ್ಟುಕೊಂಡಿಲ್ಲ, ಆದ್ದರಿಂದ ನಾವೇ ಅರಿತಿರಬೇಕು.

1998ರಲ್ಲಿ ಶೇಷಾದ್ರಿವಾಸು ಅವರ ಬರಹ ತಂತ್ರಾಂಶ, ಅದರ ಬೆನ್ನಿಗೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂದಾಗ ಕನ್ನಡಕ್ಕೆ ಕಂಪ್ಯೂಟರಿನಲ್ಲಿ ತನ್ನದೇ ಜಾಗ ಬಳಕೆಗೆ ಬಂದಿರಲಿಲ್ಲ. ರೋಮನ್ ಅಕ್ಷರಗಳಿಗೆಂದು ಇದ್ದ ಮನೆಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಲಾಯಿತು. ನುಡಿ ಫಾಂಟ್ ಇರುವಲ್ಲಿ ನಮಗೆ ಕನ್ನಡ ಕಾಣುತ್ತದೆ. ಫಾಂಟ್ ತೆಗೆದರೆ ಚುಕ್ಕಿ ಗೀಟು ಹೊತ್ತ ರೋಮನ್ ಅಕ್ಷರಗಳ ಸಾಲು. ಏಜೆಂಟ್ ಫಾಂಟನ್ನು ನೋಡುವುದಿಲ್ಲ, ಒಳಗಿನ ಸಂಕೇತವನ್ನು ಓದುತ್ತದೆ. ಕನ್ನಡಕ್ಕೆ ತನ್ನದೇ ಜಾಗವಿರುವ ಯೂನಿಕೋಡಿನಲ್ಲಿ ಟೈಪ್ ಮಾಡಿದ್ದರೆ ನೇರವಾಗಿ ಓದುತ್ತಿತ್ತು.

ಹಾಗಾಗಿ ಮೊದಲು ಪರಿವರ್ತನೆ. ಇದನ್ನು ಎಐಗೆ ಊಹಿಸಲು ಬಿಡಬೇಡಿ. ‘ಇದನ್ನು ಕನ್ನಡಕ್ಕೆ ಮಾಡಿಕೊಡು’ ಎಂದರೆ ಕೆಲವನ್ನು ಸರಿಯಾಗಿ ಬಿಡಿಸಿ, ಬಿಡಿಸಲು ಬಾರದಲ್ಲಿ ಹೊಂದುವಂಥ ಬೇರೆ ಹೆಸರನ್ನೇ ಬರೆದುಬಿಡಬಹುದು. ಲಗ್ನಪತ್ರಿಕೆಯಲ್ಲಿ ಬೀಗರ ಹೆಸರು ಹಾಗೆ ಬದಲಾದರೆ ಏನು ಗತಿ! ನುಡಿಯಿಂದ ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ನುಡಿಯೊಂದಿಗೇ ಸಿಗುತ್ತವೆ, ಬೇರೆಯೂ ಇವೆ. ಅವು ಊಹಿಸುವುದಿಲ್ಲ, ಇಂಥ ಸಂಕೇತಕ್ಕೆ ಇಂಥ ಅಕ್ಷರ ಎಂಬ ಗೊತ್ತಾದ ಕೋಷ್ಟಕದಂತೆ ಬದಲಿಸುತ್ತವೆ. ಏಜೆಂಟಿಗೆ ಹೇಳಬೇಕಾದ ಕೆಲಸ ಇದರ ಮುಂದಿನದು: ಪರಿವರ್ತನೆಯಾದ ಫೈಲುಗಳನ್ನು ಓದಿ ಊರು, ವರ್ಷ, ಸಮಾರಂಭದ ಬಗೆ ಗುರುತಿಸಿ ಹೊಸ ಫೋಲ್ಡರುಗಳಲ್ಲಿ ನಕಲು ಇಡುವುದು.

ಪರಿವರ್ತನೆಯಲ್ಲಿ ಹೆಚ್ಚು ಕೆಡುವುದು ಅರ್ಕಾವತ್ತು ಮತ್ತು ಒತ್ತಕ್ಷರ. ಹಳೆಯ ನುಡಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಕೂರುತ್ತದೆ. ಯೂನಿಕೋಡಿನಲ್ಲಿ ಅದು ಉಚ್ಚಾರದ ಕ್ರಮದಂತೆ ಮೊದಲು ಬರಬೇಕು. ‘ನ್ನಿ’ಯಂಥ ಕಡೆ ನುಡಿ ಗುಣಿತವನ್ನು ಮೊದಲು, ಒತ್ತನ್ನು ಆಮೇಲೆ ಇಡುತ್ತದೆ, ಯೂನಿಕೋಡ್ ತಿರುಗುಮುರುಗು. ಸೂರ್ಯ, ಕಾರ್ಯಕ್ರಮ, ಧರ್ಮ, ಚೆನ್ನಮ್ಮ, ವೀರಭದ್ರೇಶ್ವರ ಈ ಐದು ಪದ ಹತ್ತು ಫೈಲುಗಳಲ್ಲಿ ಸರಿಯಾಗಿ ಬಂದಿದ್ದರೆ ಉಳಿದವೂ ಬಹುಪಾಲು ಸರಿ ಇರುತ್ತವೆ. ಇನ್ನು ಮುಂದೆ ಮಾಡುವ ಹೊಸ ಕೆಲಸವನ್ನಾದರೂ ಯೂನಿಕೋಡಿನಲ್ಲೇ ಟೈಪ್ ಮಾಡಿ. ಕೀಲಿಮಣೆ ಅದೇ ಕೆ.ಪಿ. ರಾವ್ ಅವರ ವಿನ್ಯಾಸ, ಬೆರಳು ಹೊಸದೇನನ್ನೂ ಕಲಿಯಬೇಕಿಲ್ಲ.

ಪ್ರಶ್ನೆ: ನನ್ನದು 8 ಜಿಬಿ ರ್‍ಯಾಮಿನ ಹಳೇ ಲ್ಯಾಪ್‌ಟಾಪ್. ಹೊಸದು ಕೊಳ್ಳಬೇಕೇ? ಇದಕ್ಕೆ ದುಡ್ಡು ಎಷ್ಟು? ಕರೆಂಟ್ ಹೋದರೆ?
— ಬಿ.ಕಾಂ. ವಿದ್ಯಾರ್ಥಿ, ಗಜೇಂದ್ರಗಡ

ಉತ್ತರ: ಕೊಳ್ಳಬೇಡ ತಮ್ಮಾ. ಆ್ಯಪ್ ನಿನ್ನ ಲ್ಯಾಪ್‌ಟಾಪಿನಲ್ಲಿದ್ದರೂ ಯೋಚನೆಯ ಭಾರವೆಲ್ಲ ಕಂಪನಿಯ ದೂರದ ಕಂಪ್ಯೂಟರಿನ ಮೇಲೆ ಬೀಳುತ್ತದೆ. ನಿನಗೆ ಬೇಕಾದದ್ದು ಒಳ್ಳೆಯ ಇಂಟರ್ನೆಟ್. ಎಲ್ಲವನ್ನೂ ಲ್ಯಾಪ್‌ಟಾಪಿನಲ್ಲೇ ನಡೆಸುವ ಪುಟ್ಟ ಎಐ ಮಾದರಿಗಳೂ ಇವೆ. 8 ಜಿಬಿಯಲ್ಲಿ ಅವು ತೆವಳುತ್ತವೆ, ಕನ್ನಡವೂ ಅವಕ್ಕೆ ಅಷ್ಟಕ್ಕಷ್ಟೆ. ದುಡ್ಡಿನ ವಿಷಯ: ಚಾಟ್‌ಜಿಪಿಟಿಯ ಗೋ ಯೋಜನೆ 2025ರ ಆಗಸ್ಟಿನಲ್ಲಿ ಭಾರತದಲ್ಲಿ ತಿಂಗಳಿಗೆ 399 ರೂಪಾಯಿಗೆ ಬಂತು, ಅದೇ ನವೆಂಬರಿನಿಂದ ಹೊಸದಾಗಿ ಸೇರಿದವರಿಗೆ ಒಂದು ವರ್ಷ ಉಚಿತ ಎಂದರು. ಅದು ಮುಖ್ಯವಾಗಿ ಪ್ರಶ್ನೆ-ಉತ್ತರಕ್ಕೆ. ಏಜೆಂಟ್ ಒಂದು ಕೆಲಸಕ್ಕೆ ಹತ್ತಾರು ಸಲ ಒಳಗೊಳಗೇ ಓದಿ ಬರೆಯುವುದರಿಂದ ಬಳಕೆಯ ಮಿತಿ ಬೇಗ ಮುಗಿಯುತ್ತದೆ. ಕನ್ನಡ ಪಠ್ಯ ಇಂಗ್ಲಿಷಿಗಿಂತ ಹೆಚ್ಚು ತುಂಡುಗಳಾಗಿ ಲೆಕ್ಕಕ್ಕೆ ಬರುವುದರಿಂದ ನಮಗೆ ಇನ್ನೂ ಬೇಗ ಮುಗಿಯುತ್ತದೆ; ಇದು ಅನ್ಯಾಯವೆಂದೇ ನನ್ನ ಎಣಿಕೆ. ಕರೆಂಟ್, ನೆಟ್ ಹೋದರೆ ಕೆಲಸ ನಡುವೆ ನಿಲ್ಲುತ್ತದೆ. ಮತ್ತೆ ಶುರು ಮಾಡುವಾಗ ಎಲ್ಲಿಯವರೆಗೆ ಮಾಡಿದ್ದೀ, ಮೊದಲು ಪಟ್ಟಿ ಕೊಡು ಎಂದು ಕೇಳು. ನೇರವಾಗಿ ಮುಂದುವರಿಸು ಎಂದರೆ ಮಾಡಿದ್ದನ್ನೇ ಎರಡು ಸಲ ಮಾಡಬಹುದು. ನಾಲ್ವರು ಗೆಳೆಯರು ಒಂದೇ ಖಾತೆ ಹಂಚಿಕೊಳ್ಳುವ ಯೋಚನೆ ಬಿಡು, ಒಬ್ಬರ ಕಾಗದ ಇನ್ನೊಬ್ಬರಿಗೆ ಕಾಣುತ್ತದೆ.

ಪ್ರಶ್ನೆ: ನಾನು ಆನ್‌ಲೈನ್ ಅರ್ಜಿ ಹಾಕುವ ಸೆಂಟರ್ ನಡೆಸುತ್ತೇನೆ. ಜನ ಆಧಾರ್, ರೇಷನ್ ಕಾರ್ಡ್, ಜಾತಿ-ಆದಾಯ ಪತ್ರ, ಪಾಸ್‌ಬುಕ್ ನಕಲು ಕೊಟ್ಟು ಹೋಗುತ್ತಾರೆ. ಡೌನ್‌ಲೋಡ್ ಫೋಲ್ಡರ್ ತುಂಬಿ ತುಳುಕುತ್ತಿದೆ. ಏಜೆಂಟಿನಿಂದ ಸ್ವಚ್ಛ ಮಾಡಿಸಬಹುದೇ? ಪೋರ್ಟಲಿನಲ್ಲಿ ಅರ್ಜಿ ತುಂಬುವುದನ್ನೂ ಅದಕ್ಕೇ ಬಿಡಬಹುದೇ?
— ಸೆಂಟರ್ ನಡೆಸುವವರು, ರೋಣ

ಉತ್ತರ: ಎರಡಕ್ಕೂ ಬೇಡ ಎನ್ನುತ್ತೇನೆ, ಕಾರಣ ಸಮೇತ.

ನಿಮ್ಮ ಡೌನ್‌ಲೋಡ್ ಫೋಲ್ಡರಿನಲ್ಲಿ ಇರುವುದು ನಿಮ್ಮ ಕಾಗದಗಳಲ್ಲ. ಏಜೆಂಟಿಗೆ ತೋರಿಸಿದ ಫೈಲು ಅದರ ಕಂಪನಿಯ ಕಂಪ್ಯೂಟರಿಗೆ ಹೋಗಿಬರುತ್ತದೆ. ಅರ್ಜಿ ಹಾಕಿ ಎಂದು ಕೊಟ್ಟ ಆಧಾರ್ ನಕಲನ್ನು ಅಲ್ಲಿಗೆ ಕಳಿಸಲು ಅದನ್ನು ಕೊಟ್ಟವರು ಒಪ್ಪಿಗೆ ಕೊಟ್ಟಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ, ಹಂತಹಂತವಾಗಿ ಜಾರಿಗೆ ಬರುತ್ತಿವೆ. ಕೆಲಸ ಮುಗಿದ ಕಾಗದವನ್ನು ನಿಮ್ಮ ಕೈಯಾರೆ ಅಳಿಸುವುದೇ ಸರಿಯಾದ ಸ್ವಚ್ಛತೆ.

ಅಪರಿಚಿತ ಫೈಲಿನಿಂದ ಬರುವ ಅಪಾಯ ಇನ್ನೊಂದು. ಏಜೆಂಟ್ ಓದುವ ಪಿಡಿಎಫ್‌ನಲ್ಲಿ ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರದಲ್ಲಿ, ಕಣ್ಣಿಗೆ ಕಾಣದಂತೆ, ‘ಈ ಫೋಲ್ಡರಿನ ಫೈಲುಗಳನ್ನು ಇಂಥ ವಿಳಾಸಕ್ಕೆ ಕಳಿಸು’ ಎಂದು ಯಾರಾದರೂ ಬರೆದಿಡಬಹುದು. ಇದು ಯಜಮಾನ ಹೇಳಿದ್ದೋ, ಕಾಗದದಲ್ಲಿ ಬರೆದದ್ದೋ ಎಂಬ ಭೇದ ಏಜೆಂಟಿಗೆ ಯಾವಾಗಲೂ ತಿಳಿಯುವುದಿಲ್ಲ. ಕಂಪನಿಗಳು ತಡೆ ಹಾಕುತ್ತಿವೆ, ಆದರೆ ಪೂರ್ತಿ ತಡೆದಿದ್ದೇವೆ ಎಂದು ಅವರೇ ಹೇಳುತ್ತಿಲ್ಲ. ದಿನವಿಡೀ ಅಪರಿಚಿತರ ಪೆನ್‌ಡ್ರೈವ್, ವಾಟ್ಸ್‌ಆ್ಯಪ್ ಫೈಲು ಬರುವ ನಿಮ್ಮಂಥ ಅಂಗಡಿಗೆ ಈ ಅಪಾಯ ಮನೆಯ ಕಂಪ್ಯೂಟರಿಗಿಂತ ಬಹಳ ಹೆಚ್ಚು.

ಅಳಿಸುವ ಕೆಲಸವನ್ನಂತೂ ಅದಕ್ಕೆ ಒಪ್ಪಿಸಲೇಬೇಡಿ. 2025ರ ಜುಲೈನಲ್ಲಿ ರೆಪ್ಲಿಟ್ ಎಂಬ ಕಂಪನಿಯ ಏಜೆಂಟನ್ನು ಬಳಸುತ್ತಿದ್ದ ಅಮೆರಿಕದ ಉದ್ಯಮಿ ಜೇಸನ್ ಲೆಮ್ಕಿನ್ ಅವರು, ಏನನ್ನೂ ಬದಲಿಸಬೇಡ ಎಂದು ಸ್ಪಷ್ಟವಾಗಿ ಹೇಳಿದ್ದರೂ ಅದು ಬಳಕೆಯಲ್ಲಿದ್ದ ದತ್ತಾಂಶವನ್ನೇ ಅಳಿಸಿಹಾಕಿತು. ಮರಳಿ ಪಡೆಯಲು ಬರುವುದಿಲ್ಲ ಎಂದೂ ಹೇಳಿತು. ಆಮೇಲೆ ನೋಡಿದರೆ ಮರಳಿ ಪಡೆಯಲು ಬರುತ್ತಿತ್ತು, ಅದರ ಆ ಮಾತೂ ತಪ್ಪು. ಕಂಪನಿಯ ಮುಖ್ಯಸ್ಥ ಅಮ್ಜದ್ ಮಸಾದ್ ಬಹಿರಂಗವಾಗಿ ಕ್ಷಮೆ ಕೇಳಿದರು. ಏಜೆಂಟ್ ಅಳಿಸಿದ ಫೈಲು ರಿಸೈಕಲ್ ಬಿನ್ನಿಗೂ ಹೋಗದೆ ಇರಬಹುದು ಎಂಬುದು ನೆನಪಿರಲಿ.

ಅರ್ಜಿ ತುಂಬುವುದೂ ಹಾಗೆಯೇ. ಲಾಗಿನ್ ನಿಮ್ಮ ಹೆಸರಿನಲ್ಲಿದೆ, ಒಟಿಪಿ ಅರ್ಜಿದಾರರ ಮೊಬೈಲಿಗೆ ಬರುತ್ತದೆ. ಆ ಎರಡನ್ನೂ ಯಂತ್ರದ ಕೈಗೆ ಕೊಡಬಾರದು. ನಿಮ್ಮ ಅಂಗಡಿಯ ದರಪಟ್ಟಿ, ಯಾವ ಅರ್ಜಿಗೆ ಯಾವ ಕಾಗದ ಬೇಕೆಂಬ ಸೂಚನಾಫಲಕ, ನಿಮ್ಮ ಸ್ವಂತ ಜಮಾ-ಖರ್ಚು ಇವನ್ನು ಮಾಡಿಸಿಕೊಳ್ಳಿ, ಸಾಕಷ್ಟು ಸಮಯ ಉಳಿಯುತ್ತದೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ನಮ್ಮ ಜಕ್ಕಲಿ ಕರ್ನಾಟಕ ಏಕೀಕರಣಕ್ಕೆ ಹೋರಾಡಿದ ಅಂದಾನಪ್ಪ ದೊಡ್ಡಮೇಟಿಯವರ ಊರು. ಏಕೀಕರಣದ ಕಾಲದ ಪತ್ರಗಳು, ಕರಪತ್ರಗಳು, ಸಭೆಯ ಟಿಪ್ಪಣಿಗಳು ಇಲ್ಲಿಯ ಹಳೆಯ ಮನೆಗಳಲ್ಲಿ ಇನ್ನೂ ಉಳಿದಿವೆ. ಹುಳ ತಿನ್ನುವ ಮೊದಲು ಫೋಟೊ ತೆಗೆದು ಅಕ್ಷರರೂಪಕ್ಕೆ ತರಬೇಕೆಂಬ ಆಸೆ. ಮೊಮ್ಮಗ ಏಜೆಂಟ್ ಬಳಸೋಣ ಎನ್ನುತ್ತಾನೆ.
— ನಿವೃತ್ತ ಮಾಸ್ತರರು, ಜಕ್ಕಲಿ

ಉತ್ತರ: ಗುರುಗಳೇ, ನಿಮ್ಮ ಪತ್ರ ಓದಿ ಮನಸ್ಸು ತುಂಬಿತು. ದಯವಿಟ್ಟು ತಡಮಾಡಬೇಡಿ. ಫೋಟೊ ತೆಗೆಯುವ ಕೆಲಸಕ್ಕೆ ಏಜೆಂಟ್ ಬೇಕಿಲ್ಲ, ಅದನ್ನು ಇದೇ ವಾರ ಶುರು ಮಾಡಿ. ಬೆಳಗಿನ ಹೊತ್ತು ಪಡಸಾಲೆಯ ನೆರಳಿನಲ್ಲಿ, ಫ್ಲ್ಯಾಶ್ ಹಾಕದೆ, ಹಾಳೆಯ ನಾಲ್ಕೂ ಮೂಲೆ ಕಾಣುವಂತೆ, ಹಿಂಬದಿಯನ್ನೂ ಬಿಡದೆ ತೆಗೆಯಿರಿ. ಯಾರ ಮನೆಯದು ಎಂಬ ಚೀಟಿ ಪಕ್ಕದಲ್ಲೇ ಇಟ್ಟು ಇನ್ನೊಂದು ಫೋಟೊ ತೆಗೆದರೆ ಮುಂದೆ ಗೊಂದಲವಿಲ್ಲ.

ಅಕ್ಷರರೂಪಕ್ಕೆ ತರುವಾಗ ಒಂದು ಎಚ್ಚರ ಬೇಕೇಬೇಕು. ಈ ಮಾದರಿಗಳಿಗೆ ಖಾಲಿ ಬಿಡುವುದು ಕಷ್ಟ. ಮಸಿ ಅಳಿಸಿಹೋದಲ್ಲಿ ಸಾಲಿಗೆ ಹೊಂದುವ ಪದವನ್ನು ತಾವೇ ತುಂಬುತ್ತವೆ, ಓದಿದವರಿಗೆ ಅನುಮಾನವೂ ಬಾರದಂತೆ. ಕಥೆಗೆ ಅದು ನಡೆದೀತು, ಇತಿಹಾಸದ ಕಾಗದಕ್ಕೆ ನಡೆಯದು. ಓದಲಾಗದಲ್ಲಿ ಚೌಕ ಕಂಸದೊಳಗೆ ಪ್ರಶ್ನೆಚಿಹ್ನೆ ಇಡು, ಕಾಗುಣಿತ ತಿದ್ದಬೇಡ, ಸಾರಾಂಶ ಬರೆಯಬೇಡ, ಸಾಲು ಎಲ್ಲಿ ಮುರಿದಿದೆಯೋ ಅಲ್ಲೇ ಮುರಿ ಎಂದು ಮೊಮ್ಮಗನಿಂದ ಬರೆಸಿ. ಇತಿಹಾಸವನ್ನು ತಿದ್ದುವ ಚಪಲವೂ ಅದಕ್ಕಿದೆ. ಆ ಕಾಲದ ಪತ್ರದಲ್ಲಿ ಜಕ್ಕಲಿ, ರೋಣ ತಾಲ್ಲೂಕು, ಧಾರವಾಡ ಜಿಲ್ಲೆ ಎಂದೇ ಇರುತ್ತದೆ. ಗದಗ ಜಿಲ್ಲೆಯಾದದ್ದು 1997ರಲ್ಲಿ. ಏಜೆಂಟ್ ಅದನ್ನು ತಪ್ಪೆಂದು ಭಾವಿಸಿ ಗದಗ ಜಿಲ್ಲೆ ಎಂದು ಬದಲಿಸಿದರೆ ಕಾಗದದ ಸತ್ಯವೇ ಹೋಯಿತು. ಮುಂಬೈ ಪ್ರಾಂತದ ದಿನಗಳ ಕೆಲವು ದಾಖಲೆ ಮೋಡಿ ಲಿಪಿಯಲ್ಲಿ ಇರಬಹುದು. ಅವನ್ನು ಬೇರೆ ಇಟ್ಟು ಮೋಡಿ ಬಲ್ಲವರಿಂದಲೇ ಓದಿಸಿ. ಪ್ರತಿ ಪುಟವನ್ನೂ ಮೂಲದ ಫೋಟೊ ಪಕ್ಕದಲ್ಲಿಟ್ಟುಕೊಂಡು ನೀವು ಒಮ್ಮೆ ಓದಿ. ಆ ಕಾಲದ ಕೈಬರಹ, ಅಡ್ಡಹೆಸರು, ಊರಿನ ಓಣಿಗಳ ಹೆಸರು ನಿಮ್ಮ ತಲೆಮಾರಿಗೆ ತಿಳಿದಷ್ಟು ಯಾವ ಯಂತ್ರಕ್ಕೂ ತಿಳಿಯದು.

ಫೋಟೊಗಳ ಎರಡು ಪ್ರತಿ ಮಾಡಿ. ಒಂದನ್ನು ಕಾಗದ ಕೊಟ್ಟ ಮನೆಯವರಿಗೇ ಕೊಡಿ.

ಪ್ರಶ್ನೆ: ಅಕ್ಕಾ, ನಾನು ಡೇಟಾ ಎಂಟ್ರಿ ಮಾಡ್ತೀನಿ. ಎಂಟ್ರಿಗಿಷ್ಟು ಅಂತ ಕೂಲಿ. ಇದು ಬಂದ್ರ ನನ್ನ ಕೆಲಸ ಹೋಗ್ತೈತಲ್ಲ? ಖರೇ ಹೇಳ್ರಿ.
— ಒಬ್ಬ ಯುವತಿ, ನರೇಗಲ್

ಉತ್ತರ: ಖರೇ ಹೇಳುತ್ತೇನೆ ತಂಗಿ. ಕಾಗದ ನೋಡಿ ಟೈಪ್ ಮಾಡುವ ಕೆಲಸ ಕಡಿಮೆಯಾಗುತ್ತದೆ. ಎಂಟ್ರಿಗಿಷ್ಟು ಎಂಬ ಕೂಲಿ ಮೊದಲು ಇಳಿಯುತ್ತದೆ, ಏಕೆಂದರೆ ಏಜೆಂಟ್ ಎಂಟ್ರಿಯನ್ನು ಲೆಕ್ಕವಿಲ್ಲದಷ್ಟು ಮಾಡುತ್ತದೆ. ಆದರೆ ಈ ಪುಟದಲ್ಲಿ ಮೇಲಿನ ಪತ್ರಗಳನ್ನು ಓದಿದ್ದರೆ ಕಂಡಿರುತ್ತೀ: ಗುಂಟೆ ತಪ್ಪಿದ್ದು, ಖಾತೆಯ ಕೊನೆಯ ಅಂಕಿ ಸೊನ್ನೆಯಾದದ್ದು, ಅಜ್ಜ-ಮೊಮ್ಮಗನನ್ನು ಒಂದೇ ಮಾಡಿದ್ದು ಯಾರು ಹಿಡಿಯಬೇಕು? ದಿನವೂ ಅದೇ ಕಾಗದಗಳನ್ನು ನೋಡಿ ಪಳಗಿದ ನಿನ್ನ ಕಣ್ಣು. ಆ ಕೆಲಸಕ್ಕೆ ಈಗ ಯಾರೂ ಕೂಲಿ ಇಟ್ಟಿಲ್ಲ, ಅದನ್ನೇ ನೀನು ಕೇಳಬೇಕು.

ಮಾಲೀಕರ ಬಳಿ ಹೋಗುವ ಮೊದಲು ಲೆಕ್ಕ ಕೈಯಲ್ಲಿರಲಿ. ಹಳೆಯ ಬ್ಯಾಚ್ ಒಂದರಲ್ಲಿ ಹೆಸರು, ನಂಬರ್ ಎಲ್ಲ ಬದಲಿಸಿ, ಸುಳ್ಳು ಮಾಹಿತಿ ತುಂಬಿದ ಐವತ್ತು ಕಾಗದ ಮಾಡಿಕೋ. ಏಜೆಂಟಿನಿಂದ ಎಂಟ್ರಿ ಮಾಡಿಸು. ಎಷ್ಟು ತಪ್ಪು ಬಂತು, ಯಾವ ಬಗೆಯದು, ತಿದ್ದಲು ಎಷ್ಟು ಹೊತ್ತು ಹಿಡಿಯಿತು ಎಂದು ಬರೆದುಕೋ. ಆ ಹಾಳೆ ಮುಂದಿಟ್ಟು, ಎಂಟ್ರಿಗೆ ಬದಲು ದಿನಗೂಲಿಯ ಮೇಲೆ ತಪಾಸಣೆಯ ಕೆಲಸ ಕೊಡಿ ಎಂದು ಕೇಳು. ಒಪ್ಪದಿದ್ದರೆ ಅದೇ ಹಾಳೆ ತೆಗೆದುಕೊಂಡು ಮೇಲಿನ ಪತ್ರ ಬರೆದವರಂಥ ರೈತರ ಗುಂಪುಗಳ ಹತ್ತಿರ ಹೋಗು. ಖರೀದಿಯ ನೋಂದಣಿ ಶುರುವಾಗುವ ಮುನ್ನ ಅವರಿಗೆ ಪಟ್ಟಿ ತಾಳೆ ನೋಡುವವರು ಬೇಕಾಗುತ್ತಾರೆ.